ಸೊಸೆಯ ತವರು

ನಮ್ಮ ಕುಟುಂಬಕ್ಕೊಂದು ವಂಶಾವಳಿಯ ಪುಸ್ತಕವಿದೆ. ತಾಳೆಗರಿಯಲ್ಲಿದ್ದುದನ್ನು ಮನೆಯ ಹಿಂದಿನ ಯಜಮಾನರು ಕಾಗದಕ್ಕಿಳಿಸಿ ಅಚ್ಚು ಹಾಕಿಸಿದ್ದರು. ಮೂಲಪುರುಷರಿಂದ ಮೊದಲ್ಗೊಂಡು ಹನ್ನೊಂದು ತಲೆಮಾರುಗಳು ಅದರಲ್ಲಿವೆ. ಕಾಸರಗೋಡು ಸೀಮೆಯ ಅನೇಕ ಮನೆಗಳಲ್ಲಿ ಇಂಥ ಪುಸ್ತಕಗಳಿರುವುದನ್ನು ಓದುಗ ಬಂಧುಗಳು ಬಲ್ಲರು. ಅದನ್ನು ಪರಿಷ್ಕರಿಸಿ ಮರಳಿ ಅಚ್ಚು ಹಾಕಿಸಬೇಕೆಂದು ಎರಡು ವರ್ಷಗಳ ಹಿಂದೆ ಕುಟುಂಬದವರೆಲ್ಲ ಸೇರಿ ನಿಶ್ಚಯಿಸಿದೆವು. ಈ ಸಲ ಗಂಡಸರ ಹೆಸರಷ್ಟೇ ಸಾಲದು, ಮನೆಗೆ ಬಂದ ಸೊಸೆಯಂದಿರ ಹೆಸರೂ ಅವರ ತವರುಮನೆಯ ವಿವರವೂ ಇರತಕ್ಕದ್ದೆಂದು ತೀರ್ಮಾನವಾಯಿತು. ತೀರ್ಮಾನವೇನೋ ಒಳ್ಳೆಯದೇ. ಆದರೆ ಅದರ ಬಿಸಿ ಮೊದಲು ತಟ್ಟಿದುದು ನಮಗೆ.

ನಮ್ಮ ಕಿರಿಯ ಸೊಸೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹುಟ್ಟಿ ಬೆಳೆದವಳು. ಅವಳ ತಾಯಿಯ ತಾಯಿ 1956ರಲ್ಲಿ ಜಮೈಕಾ ದ್ವೀಪದಿಂದ ಹಡಗು ಹತ್ತಿ ಆ ದೇಶಕ್ಕೆ ಬಂದವರು. ಪುಸ್ತಕದ ಹೊಣೆ ಹೊತ್ತಿದ್ದ ನಮ್ಮ ದಾಯಾದಿ ಬಂಧುವೊಬ್ಬರು ಒಂದು ದಿನ ಫೋನಿನಲ್ಲಿ, “ತವರು ಏನೆಂದು ಬರೆಯಲಿ? ಬರ್ಮಿಂಗ್‌ಹ್ಯಾಮ್ ಎಂದರೆ ಊರಾಯಿತು, ಮನೆತನವಾಗಲಿಲ್ಲವಲ್ಲ. ಯಾರ ಮಗಳು, ಯಾರ ಮೊಮ್ಮಗಳು ಎಂದು ಎರಡು ಸಾಲು ಬೇಕು. ಇಲ್ಲವಾದರೆ ಖಾಲಿ ಬಿಡುತ್ತೇನೆ” ಎಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೂ ಆ ‘ಖಾಲಿ’ ಎಂಬ ಪದ ನಮ್ಮಿಬ್ಬರ ಮನಸ್ಸಿನಲ್ಲಿಯೂ ಮುಳ್ಳಿನಂತೆ ಉಳಿಯಿತು. ಹತ್ತು ಸೊಸೆಯಂದಿರ ಹೆಸರಿನ ಮುಂದೆ ತುಂಬಿದ ಸಾಲುಗಳಿದ್ದು, ನಮ್ಮ ಹುಡುಗಿಯ ಹೆಸರಿನ ಮುಂದೆ ಮಾತ್ರ ಗೆರೆ ಎಳೆದಿದ್ದರೆ, ನಾಳೆ ಮೊಮ್ಮಗಳು ಅದನ್ನು ಓದಿದಾಗ ಏನೆಂದುಕೊಂಡಾಳು?

ಸೊಸೆಯನ್ನು ಕೇಳಲು ನಮಗೆ ಸಂಕೋಚವಿತ್ತು. ಆದರೆ ಆಷಾಢದ ಮಳೆಯಲ್ಲಿ ಮಗನೊಡನೆ ಊರಿಗೆ ಬಂದವಳು ವಿಷಯ ತಿಳಿದಾಗ ನಕ್ಕುಬಿಟ್ಟಳು. “ನನಗೂ ಅದೇ ಪ್ರಶ್ನೆ ಇದೆ ಅತ್ತೆ. ಅಜ್ಜಿ ಇರುವಾಗ ಕೇಳಲಿಲ್ಲ. ಈಗ ಹುಡುಕೋಣ, ನೀವಿಬ್ಬರೂ ಜತೆಗೆ ಕುಳಿತುಕೊಳ್ಳಿ” ಎಂದಳು. ಹೀಗೆ ಆ ಮಳೆಗಾಲದ ಒಂದು ತಿಂಗಳು, ದೀಪ ಹಚ್ಚಿದ ಮೇಲೆ ಊಟದವರೆಗೆ, ನಾವು ಮೂವರು ಚಾವಡಿಯಲ್ಲಿ ಕುಳಿತು ಒಂಬತ್ತು ಸಾವಿರ ಮೈಲಿಗೂ ಆಚೆಯ ದ್ವೀಪವೊಂದರ ಜನನ ಮರಣದ ದಫ್ತರಗಳನ್ನು ಗಣಕಯಂತ್ರದ ಪರದೆಯ ಮೇಲೆ ಓದಿದೆವು.

ಆ ದ್ವೀಪದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳದೆ ಮುಂದಿನದು ತಿಳಿಯಲಾರದು. ಜಮೈಕಾ 1655ರಲ್ಲಿ ಸ್ಪೇನಿನವರಿಂದ ಇಂಗ್ಲಿಷರ ಕೈಸೇರಿತು. ಕಬ್ಬಿನ ತೋಟಗಳಲ್ಲಿ ದುಡಿಸಲು ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಮಾರಿದರು. ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಮಾಡಿದ ಕಾಯಿದೆ 1834ರ ಆಗಸ್ಟ್ 1ರಂದು ಜಾರಿಗೆ ಬಂದು, ನಾಲ್ಕು ವರ್ಷ ‘ಕೆಲಸ ಕಲಿಯುವವರು’ ಎಂಬ ಹೆಸರಿನಲ್ಲಿ ಹಳೆಯ ಒಡೆಯರ ಕೆಳಗೇ ದುಡಿದ ಬಳಿಕ, 1838ರ ಆಗಸ್ಟ್ 1ರಂದು ಅವರು ಪೂರ್ಣವಾಗಿ ಬಿಡುಗಡೆಯಾದರು. ನಷ್ಟಪರಿಹಾರವೆಂದು ಎರಡು ಕೋಟಿ ಪೌಂಡುಗಳನ್ನು ಸರಕಾರ ಕೊಟ್ಟಿತು. ಕೊಟ್ಟದ್ದು ದುಡಿದವರಿಗಲ್ಲ, ಒಡೆಯರಿಗೆ.

ಪ್ರತಿಯೊಬ್ಬ ಪ್ರಜೆಯ ಹುಟ್ಟನ್ನೂ ಸಾವನ್ನೂ ಸರಕಾರವೇ ಬರೆದಿಡುವ ಪದ್ಧತಿ ಆ ದ್ವೀಪದಲ್ಲಿ 1878ರಲ್ಲಿ ಮೊದಲಾಯಿತು. ಮದುವೆಗಳ ಸರಕಾರಿ ನೋಂದಣಿ 1880ರಿಂದ. ಕೆರಿಬಿಯನ್ ದ್ವೀಪಗಳಿಗೆಲ್ಲ ಇದೇ ವರ್ಷವೆಂದು ತಿಳಿಯಬಾರದು. ಟ್ರಿನಿಡಾಡಿನಲ್ಲಿ 1848ರಿಂದಲೇ ಇದೆ. ಬಾರ್ಬಡೋಸಿನಲ್ಲಿ ಜನನಗಳನ್ನು ಬರೆಯತೊಡಗಿದ್ದು 1890ರಲ್ಲಿ. ಜಮೈಕಾದ ಮೂಲ ದಫ್ತರಗಳು ಸ್ಪ್ಯಾನಿಷ್ ಟೌನಿನ ಬಳಿಯ ಟ್ವಿಕನ್‌ಹ್ಯಾಮ್ ಪಾರ್ಕಿನಲ್ಲಿರುವ ರಿಜಿಸ್ಟ್ರಾರ್ ಜನರಲ್ ಕಚೇರಿಯ ವಶದಲ್ಲಿವೆ. ಅವುಗಳ ಛಾಯಾಪ್ರತಿಗಳನ್ನು ಅಮೆರಿಕೆಯ ಯೂಟಾ ಪ್ರಾಂತದ ಮಾರ್ಮನ್ ಪಂಥದವರು ತೆಗೆದಿರಿಸಿದ್ದು, ಅವರ ‘ಫ್ಯಾಮಿಲಿ ಸರ್ಚ್’ ಸಂಸ್ಥೆಯ ಮೂಲಕ ಈಗ ಯಾರಾದರೂ ಹಣ ತೆರದೆ ನೋಡಬಹುದು.

ಸೊಸೆಯ ಕೈಯಲ್ಲಿದ್ದ ಆಧಾರ ಒಂದೇ. ಅಜ್ಜಿ ಹಡಗು ಹತ್ತುವಾಗ ತಂದಿದ್ದ ಜನನಪತ್ರ. ಜಮೈಕಾದ ಜನ ಅದನ್ನು ‘ಏಜ್ ಪೇಪರ್’ ಎನ್ನುತ್ತಾರಂತೆ. ನಮ್ಮಲ್ಲಿ ‘ವಯಸ್ಸಿನ ಸರ್ಟಿಫಿಕೇಟು’ ಎನ್ನುವ ಹಾಗೆಯೇ. ಅಜ್ಜಿ ಹುಟ್ಟಿದ್ದು 1931ರಲ್ಲಿ, ಕ್ಲಾರೆಂಡನ್ ಪ್ಯಾರಿಷಿನಲ್ಲಿ. ಪ್ಯಾರಿಷ್ ಎಂದರೆ ಹೆಸರಿಗೆ ಇಗರ್ಜಿಯ ಎಲ್ಲೆ, ಬಳಕೆಯಲ್ಲಿ ನಮ್ಮ ತಾಲೂಕಿನಂಥದು. ಪತ್ರದಲ್ಲಿ ಹುಟ್ಟಿದ ದಿನ ಮತ್ತು ಸ್ಥಳ, ಮಗುವಿನ ಹೆಸರು, ಲಿಂಗ, ತಂದೆಯ ಹೆಸರು, ತಾಯಿಯ ಹೆಸರು, ತಂದೆಯ ಉದ್ಯೋಗ, ಸುದ್ದಿ ತಿಳಿಸಿದವರ ಸಹಿ, ಬರೆದುಕೊಂಡ ದಿನಾಂಕ ಎಂದು ಒಂದರ ಪಕ್ಕದಲ್ಲೊಂದು ಅಂಕಣಗಳು. ತಂದೆಯ ಅಂಕಣ ಬರಿದಾಗಿತ್ತು.

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನಾವು ಬೆಳೆದ ಕ್ರಮದಲ್ಲಿ ಆ ಬರಿದಾದ ಜಾಗಕ್ಕೆ ಒಂದೇ ಅರ್ಥವಿತ್ತು. ಸೊಸೆ ಅದನ್ನು ಗಮನಿಸಿರಬೇಕು. ಆದರೂ ಏನೂ ಹೇಳದೆ ಆ ಅಂಕಣದ ಕಾನೂನನ್ನು ತಿಳಿಸಿದಳು. ತಾಯಿತಂದೆಗಳು ಕಾನೂನಿನಂತೆ ಮದುವೆಯಾಗಿರದಿದ್ದರೆ, ತಂದೆಯಾದವನು ತಾಯಿಯೊಡನೆ ಕಚೇರಿಗೆ ಬಂದು, ಇಬ್ಬರೂ ಕೇಳಿಕೊಂಡು, ಅವನೂ ಸಹಿ ಹಾಕಿದ ಹೊರತು ಅವನ ಹೆಸರನ್ನು ಬರೆಯುವ ಅಧಿಕಾರ ನೋಂದಣಿಗಾರನಿಗೆ ಇರಲಿಲ್ಲ. ಆ ದಿನ ಅವನು ತೋಟದ ಕೆಲಸಕ್ಕೆ ಹೋಗಿದ್ದರೂ ಅಂಕಣ ಬರಿದೇ. ಅಂಥ ಮಕ್ಕಳಿಗೆ ಕಾನೂನಿನಲ್ಲಿದ್ದ ಕೀಳು ಸ್ಥಾನವನ್ನು ಜಮೈಕಾ 1976ರಲ್ಲಿ ಕಾಯಿದೆ ಮಾಡಿ ತೆಗೆದುಹಾಕಿತು.

ತಾಯಿಯ ಅಂಕಣ ತುಂಬಿತ್ತು. ಆ ಹೆಸರೇ ನಮಗೆ ಮೇಲಿನ ಮೆಟ್ಟಿಲಾಯಿತು. ಇನ್ನು ಆ ತಾಯಿಯ ಜನನವನ್ನು ಹುಡುಕಬೇಕು. ಇದು ಹೇಳಿದಷ್ಟು ಸುಲಭವಲ್ಲ. ಬರೆದವನು ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಒಂದೇ ಮನೆತನದ ಹೆಸರು ಮೂರು ಕಡೆ ಮೂರು ರೀತಿ. ಮನೆಯಲ್ಲಿ ಕರೆಯುವ ಹೆಸರು ಒಂದು, ದಫ್ತರದ ಹೆಸರು ಇನ್ನೊಂದು. ಕೆಲವು ಶಿಶುಗಳಿಗೆ ಹೆಸರಿಡುವ ಮೊದಲೇ ನೋಂದಣಿಯಾಗಿ, ಹೆಸರಿನ ಜಾಗದಲ್ಲಿ ಏನೂ ಇಲ್ಲದೆ, ಹೆಸರು ಕೊನೆಯ ಅಂಕಣದಲ್ಲಿ ಆಮೇಲೆ ಸೇರಿದೆ. ಸೂಚಿಯಲ್ಲಿ ಇಲ್ಲವೆಂದು ಕೈಬಿಟ್ಟಿದ್ದರೆ ನಮಗೆ ಏನೂ ದೊರೆಯುತ್ತಿರಲಿಲ್ಲ. ಹತ್ತನೆಯ ದಿನ, ಪುಟಪುಟವಾಗಿ ನೋಡುತ್ತಿದ್ದಾಗ, ಪಕ್ಕದ ನೋಂದಣಿ ವಲಯದ 1907ರ ದಫ್ತರದಲ್ಲಿ ಆಕೆ ಸಿಕ್ಕಿದಳು. ಸುದ್ದಿ ತಿಳಿಸಿದವಳು ತಾಯಿಯೇ. ಸಹಿಯ ಜಾಗದಲ್ಲಿ ಒಂದು ಅಡ್ಡಗೆರೆಯ ಗುರುತು. ಅಕ್ಷರ ಬಾರದ ಕೈ ಎಳೆದ ಆ ಗುರುತನ್ನು ನೋಡಿದಾಗ, ನಮ್ಮ ಹಳೆಯ ಗೇಣಿಚೀಟುಗಳ ಹೆಬ್ಬೆಟ್ಟುಗಳು ನೆನಪಾದವು. ತಂದೆಯ ಅಂಕಣ ಮತ್ತೆ ಬರಿದು.

ಇಲ್ಲಿ ಸೊಸೆ ಒಂದು ಉಪಾಯ ಮಾಡಿದಳು. ಜನನದ ದಫ್ತರ ಹೇಳದ್ದನ್ನು ಮದುವೆಯ ದಫ್ತರ ಹೇಳುವುದುಂಟು. ಅದರಲ್ಲಿ ವಧೂವರರ ವಯಸ್ಸು, ಊರು, ಉದ್ಯೋಗಗಳೊಂದಿಗೆ ಇಬ್ಬರ ತಂದೆಯ ಹೆಸರನ್ನೂ ಕೇಳುತ್ತಾರೆ. 1907ರಲ್ಲಿ ಹುಟ್ಟಿದ ಆ ಮುತ್ತಜ್ಜಿ 1936ರಲ್ಲಿ ಮದುವೆಯಾಗಿದ್ದಳು. ಆಗ ತಂದೆಯ ಹೆಸರನ್ನು ಸ್ಪಷ್ಟವಾಗಿ ಬರೆಸಿದ್ದಳು. ಆ ಗಂಡಸಿನ ಹೆಸರು ಹಿಡಿದು ಹಿಂದಕ್ಕೆ ಹೋದರೆ, 1923ರಲ್ಲಿ ಅವನ ಮದುವೆ. ವಧು ಯಾರು? ಅಡ್ಡಗೆರೆಯ ಗುರುತು ಹಾಕಿದ ಅದೇ ತಾಯಿ! ಮಗಳು ಹುಟ್ಟಿ ಹದಿನಾರು ವರ್ಷದ ಮೇಲೆ ಇಬ್ಬರೂ ಇಗರ್ಜಿಯಲ್ಲಿ ಮದುವೆಯಾಗಿದ್ದರು. 1943ರಲ್ಲಿ ಆಕೆ ತೀರಿಕೊಂಡಾಗ ಮರಣದ ಸುದ್ದಿಯನ್ನು ಕಚೇರಿಗೆ ತಿಳಿಸಿದವನೂ ಅವನೇ. ‘ಮರಣಕಾಲದಲ್ಲಿ ಹತ್ತಿರವಿದ್ದವನು’ ಎಂದು ಬರೆದಿದೆ.

ನಾವು ಬಹಳ ಹೊತ್ತು ಮಾತಾಡಲಿಲ್ಲ. ಬರಿದಾದ ಅಂಕಣಕ್ಕೆ ನಾವು ಕೊಟ್ಟಿದ್ದ ಅರ್ಥ ಎಷ್ಟು ತಪ್ಪಾಗಿತ್ತು! ಎಡಿತ್ ಕ್ಲಾರ್ಕ್ ಎಂಬ ವಿದುಷಿ ಜಮೈಕಾದ ಮೂರು ಊರುಗಳ ಸಂಸಾರಗಳನ್ನು ಅಭ್ಯಾಸ ಮಾಡಿ 1957ರಲ್ಲಿ ಪುಸ್ತಕವೊಂದನ್ನು ಬರೆದಿದ್ದಾರೆ. ‘ನನಗೆ ತಂದೆಯೂ ಆದ ನನ್ನ ತಾಯಿ’ ಎಂಬುದು ಅದರ ಹೆಸರಿನ ಭಾವ. ಸ್ವಂತ ಮನೆ ಮಾಡಿಕೊಂಡು ಹೆಂಡತಿಯನ್ನು ಸಾಕಬಲ್ಲೆನೆಂದಾದ ಮೇಲೆಯೇ ಗಂಡಸು ಮದುವೆಯಾಗತಕ್ಕದ್ದೆಂಬ ಭಾವನೆ ಅಲ್ಲಿಯ ಬಡವರಲ್ಲಿತ್ತೆಂದು ಅದರಿಂದ ತಿಳಿಯುತ್ತದೆ. ಅಷ್ಟು ಕೂಡಿಸುವುದರಲ್ಲಿ ಅರ್ಧ ಆಯುಷ್ಯ ಕಳೆಯುತ್ತಿತ್ತು. ಮದುವೆ ತಡವಾದ ಮಾತ್ರಕ್ಕೆ ಸಂಸಾರ ಇರಲಿಲ್ಲವೆಂದಲ್ಲ. ಕಬ್ಬು ಕಡಿದು ಬದುಕಿದವರ ಮದುವೆ ನಮ್ಮ ಲೆಕ್ಕದ ಮುಹೂರ್ತಕ್ಕೆ ಆಗಲಿಲ್ಲವೆಂದು ನಾವು ತಲೆತಗ್ಗಿಸಬೇಕಾದ ಕಾರಣವೇನಿತ್ತು?

ಆ ತಾಯಿಯ ಜನನವೂ 1884ರ ದಫ್ತರದಲ್ಲಿ ದೊರೆಯಿತು. ಅದರಿಂದ ಅವಳ ತಾಯಿಯ ಹೆಸರೂ ತಿಳಿಯಿತು. ಆದರೆ ಈ ನಾಲ್ಕನೆಯವಳು ಸುಮಾರು 1860ರಲ್ಲಿ ಹುಟ್ಟಿರಬೇಕಾದವಳು. ಅವಳ ಕಾಲಕ್ಕೆ ಸರಕಾರಿ ದಫ್ತರವಿಲ್ಲ. ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕಗಳೇ ಗತಿ. ಕ್ಲಾರೆಂಡನ್ನಿನ ಪುಸ್ತಕಗಳಲ್ಲಿ ಎಷ್ಟು ಹುಡುಕಿದರೂ ಆಕೆಯಿಲ್ಲ. ಕಡೆಗೆ ಕಾರಣ ಹೊಳೆಯಿತು. ಜಮೈಕಾದಲ್ಲಿ ಮೊದಲು 22 ಪ್ಯಾರಿಷ್‌ಗಳಿದ್ದು, 1867ರಲ್ಲಿ ಅವನ್ನು 14ಕ್ಕೆ ಇಳಿಸಿದರು. ಆಕೆಯ ಊರು ಮೊದಲು ವೇರ್ ಎಂಬ ಬೇರೆ ಪ್ಯಾರಿಷಿನಲ್ಲಿದ್ದು ಆಮೇಲೆ ಕ್ಲಾರೆಂಡನ್ನಿಗೆ ಸೇರಿತ್ತು. ಇದನ್ನು ಸೊಸೆಗೆ ನಾವೇ ವಿವರಿಸಿದೆವೆಂದು ಹೇಳಿಕೊಳ್ಳಲು ಸಂತೋಷವಾಗುತ್ತದೆ. ಗಡಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಹಿರಿಯರು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ, 1956ರ ನವೆಂಬರ್ 1ರಂದು ಕೇರಳದವರಾಗಿ, ಕಣ್ಣೂರು ಜಿಲ್ಲೆಯವರೆನಿಸಿಕೊಂಡು, 1984ರಲ್ಲಿ ಕಾಸರಗೋಡು ಜಿಲ್ಲೆಯವರಾದರು. ಮನೆಯ ಹೊಸ್ತಿಲು ಮಾತ್ರ ಇದ್ದಲ್ಲಿಯೇ ಇತ್ತು. ಸೊಸೆಯ ಅಜ್ಜಿ ಹಡಗು ಹತ್ತಿದ ವರ್ಷವೇ ನಮ್ಮ ಊರು ಇದ್ದಲ್ಲಿಂದಲೇ ಬೇರೆ ರಾಜ್ಯಕ್ಕೆ ಹೋದದ್ದು.

ವೇರ್ ಪ್ಯಾರಿಷಿನ ಪುಸ್ತಕದಲ್ಲಿ ನಾಲ್ಕನೆಯವಳ ದೀಕ್ಷಾಸ್ನಾನ ಸಿಕ್ಕಿತು. ಅದರಾಚೆಗೆ ಉಳಿದಿರುವುದು ಗುಲಾಮರ ದಫ್ತರ. ಜಮೈಕಾದಲ್ಲಿ 1817ರಿಂದ 1832ರವರೆಗೆ ಮೂರು ವರ್ಷಕ್ಕೊಮ್ಮೆ ಒಡೆಯರು ತಮ್ಮಲ್ಲಿದ್ದವರ ಪಟ್ಟಿಯನ್ನು ಸರಕಾರಕ್ಕೆ ಒಪ್ಪಿಸಬೇಕಾಗಿತ್ತು. ಅದರ ಪ್ರತಿಗಳು ಲಂಡನ್ನಿನ ಕ್ಯೂ ಎಂಬಲ್ಲಿಯ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಅಲ್ಲಿ ಹೆಚ್ಚಿನವರಿಗೆ ಒಂದೇ ಹೆಸರು, ವಯಸ್ಸು, ಮೈಬಣ್ಣ, ಆಫ್ರಿಕಾದಲ್ಲಿ ಹುಟ್ಟಿದವರೋ ದ್ವೀಪದಲ್ಲಿ ಹುಟ್ಟಿದವರೋ ಎಂಬ ಮಾತು. ಹೊಸದಾಗಿ ಹುಟ್ಟಿದ ಮಗುವಿನ ಮುಂದೆ ತಾಯಿಯ ಹೆಸರನ್ನು ಬರೆದಿದ್ದಾರೆ. ಅದು ತಾಯಿಯ ಮೇಲಿನ ಗೌರವದಿಂದಲ್ಲ. ತಾಯಿ ಯಾರ ಸೊತ್ತೋ ಮಗುವೂ ಅವರ ಸೊತ್ತೆಂಬುದು ಆಗಿನ ಕಾನೂನು. ದನದ ಕರುವಿನ ಲೆಕ್ಕದಂತೆ ಇದ್ದ ಆ ಲೆಕ್ಕದಲ್ಲಿ ನಮ್ಮ ಹುಡುಗಿಯ ಹಿರಿಯರು ಯಾವ ಸಾಲಿನಲ್ಲಿದ್ದಾರೆಂದು ಹೇಳುವಂತಿರಲಿಲ್ಲ. ಒಂದೇ ಹೆಸರಿನವರು ಒಂದೊಂದು ತೋಟದಲ್ಲಿಯೂ ಇದ್ದರು. ಅಂದಾಜಿನ ಹೆಸರನ್ನು ಸೇರಿಸುವುದು ಬೇಡವೆಂದು ಅವಳೇ ನಿಲ್ಲಿಸಿದಳು.

ಆ ಪಟ್ಟಿಗಳಲ್ಲಿ ಕಂಡ ಒಂದು ಸಂಗತಿಯನ್ನು ಹೇಳಲೇಬೇಕು. ಕ್ವಾಶಿಬಾ, ಜೂಬಾ, ಫಿಬ್ಬಾ ಎಂಬ ಹೆಣ್ಣುಹೆಸರುಗಳು ಅಲ್ಲಿ ಬಾರಿಬಾರಿಗೂ ಬರುತ್ತವೆ. ಇವು ಪಶ್ಚಿಮ ಆಫ್ರಿಕಾದ ಅಕಾನ್ ಜನರ ವಾರದ ಹೆಸರುಗಳು. ಭಾನುವಾರ ಹುಟ್ಟಿದವಳು ಕ್ವಾಶಿಬಾ, ಸೋಮವಾರದವಳು ಜೂಬಾ, ಶುಕ್ರವಾರದವಳು ಫಿಬ್ಬಾ. ಇದನ್ನು ಸೊಸೆ ಓದಿ ಹೇಳಿದಾಗ ನಮಗೆ ಮೈ ಜುಮ್ಮೆಂದಿತು. ನಮ್ಮ ತುಳುನಾಡಿನಲ್ಲಿ ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಎಂದು ಹುಟ್ಟಿದ ವಾರದ ಹೆಸರು ಹೊತ್ತವರು ಯಾರು? ನಮ್ಮಂಥವರ ಗದ್ದೆತೋಟಗಳಲ್ಲಿ ತಲೆಮಾರುಗಳಿಂದ ದುಡಿದವರು. ಅವರ ವಂಶಾವಳಿಯನ್ನು ಯಾರು ಬರೆದಿಟ್ಟಿದ್ದಾರೆ?

ತಿಂಗಳು ಮುಗಿಯುತ್ತಿರುವಾಗ ತೊಂಬತ್ತು ದಾಟಿದ ನಮ್ಮ ಸೋದರತ್ತೆ ಬಂದು ನಾಲ್ಕು ದಿನ ಉಳಿದರು. ನಮ್ಮ ಪಟ್ಟಿಯನ್ನು ಕೇಳಿ, “ಇದರಲ್ಲಿ ಹೆಂಗಸರೇ ಇದ್ದಾರಲ್ಲ. ನಮ್ಮ ದೇಶದವರೂ ಆ ಕಡೆಗೆ ಹೋಗಿದ್ದರಂತೆ. ಅವರ ಪೈಕಿ ಆಗಿದ್ದರೆ ಗೋತ್ರ, ಕುಲ ಎಲ್ಲ ಸರಿಯಾಗಿ ಇರುತ್ತಿತ್ತೇನೋ” ಎಂದರು. ಹೋದದ್ದು ನಿಜ. ಜಮೈಕಾಕ್ಕೆ ಮೊದಲ ಹಡಗು 1845ರ ಮೇ 10ರಂದು, ಟ್ರಿನಿಡಾಡಿಗೆ ಅದೇ ತಿಂಗಳ 30ರಂದು ತಲುಪಿದುವು. ಟ್ರಿನಿಡಾಡಿಗೆ 1917ರವರೆಗೆ ಒಂದು ಲಕ್ಷದ ನಲವತ್ತು ಸಾವಿರಕ್ಕೂ ಮಿಕ್ಕಿ ಜನ ಕರಾರಿನ ಕೂಲಿಗಳಾಗಿ ಹೋದರು. ಆದರೆ ಅವರ ಸ್ಥಿತಿಯೂ ಸೋದರತ್ತೆಯವರು ಎಣಿಸಿದಂತಿರಲಿಲ್ಲ. ಪುರೋಹಿತರು ಅಗ್ನಿಸಾಕ್ಷಿಯಾಗಿ ಮಾಡಿಸಿದ ಮದುವೆಗಳನ್ನು ಟ್ರಿನಿಡಾಡಿನ ಸರಕಾರ 1945ರಲ್ಲಿ ಹಿಂದೂ ವಿವಾಹದ ಕಾನೂನು ಮಾಡುವ ತನಕ ಮದುವೆಯೆಂದೇ ಒಪ್ಪಿರಲಿಲ್ಲ. ಸಪ್ತಪದಿ ತುಳಿದ ದಂಪತಿಗಳ ಮಕ್ಕಳೂ ಕಾನೂನಿನ ಕಣ್ಣಿಗೆ ತಂದೆಯಿಲ್ಲದವರೇ ಆಗಿದ್ದರು. ಇದನ್ನು ತಿಳಿಸಿದಾಗ ಸೋದರತ್ತೆ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, “ಹಾಗಾದರೆ ತಪ್ಪು ಬರೆದವನದ್ದು” ಎಂದರು.

ಆಗಲೇ ಸೊಸೆ, ಏನೂ ಉದ್ದೇಶವಿಲ್ಲದೆ, “ಅತ್ತೆ, ನಿಮ್ಮ ಅಜ್ಜಿಯ ತಾಯಿಯ ಹೆಸರೇನು? ಮಾವ, ನಿಮ್ಮದು?” ಎಂದು ಕೇಳಿದ್ದು.

ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ವಂಶಾವಳಿಯನ್ನು ತಂದು ಬಿಡಿಸಿದೆವು. ಹನ್ನೊಂದು ತಲೆಮಾರುಗಳ ಗಂಡಸರ ಹೆಸರುಗಳಿವೆ. ಅವರು ಬರೆಸಿದ ದಾನಪತ್ರಗಳ ತಿಥಿವಾರಗಳೂ ಇವೆ. ಅವರನ್ನು ಹೆತ್ತವರಲ್ಲಿ ಒಬ್ಬಳ ಹೆಸರೂ ಇಲ್ಲ. ಹೊಸ ಮುದ್ರಣದ ಹಸ್ತಪ್ರತಿಯಲ್ಲಿ ಅವರಿಗಾಗಿ ಬಿಟ್ಟ ಅಂಕಣ ಮೇಲಿನಿಂದ ಎಂಟು ತಲೆಮಾರು ಪೂರ್ತಿ ಬರಿದು. ಅಳಿಯಸಂತಾನದ ನೆರೆಮನೆಯವರಿಗೆ ತಾಯಂದಿರ ಹೆಸರು ಬಾಯಲ್ಲೇ ಇರುತ್ತದೆ. ನಮಗೆ ಅವು ಬೇಡವಾದುವು. ಅಕ್ಷರ ಬಲ್ಲ, ಹೊಲಮನೆಗಳಿದ್ದ, ಯಾರ ಗುಲಾಮರೂ ಅಲ್ಲದ ನಮ್ಮ ಹಿರಿಯರು ಉಳಿಸದ್ದನ್ನು ಕಬ್ಬಿನ ತೋಟದ ಆ ಅನಕ್ಷರಸ್ಥೆ ಕಚೇರಿಗೆ ನಡೆದುಹೋಗಿ, ತನ್ನ ಹೆಸರನ್ನು ಹೇಳಿ, ಅಡ್ಡಗೆರೆ ಎಳೆದು ಉಳಿಸಿದ್ದಳು. ಯಾರ ಹೆಸರಿನ ಮುಂದೆ ಖಾಲಿಯಿದೆಯೆಂದು ನಾವು ಒಂದು ವರ್ಷ ಕೊರಗಿದೆವೋ ಅವಳ ತವರು ನಮ್ಮದಕ್ಕಿಂತ ತುಂಬಿತ್ತು.

ಹೊರನಾಡಿನಲ್ಲಿ ನೆಲಸಿದ ನಮ್ಮ ಮಕ್ಕಳಿಗೆ ಈ ದ್ವೀಪಗಳ ಮೂಲದ ಮನೆಗಳೊಡನೆ ಸಂಬಂಧ ಬೆಳೆದಿದ್ದರೆ, ಅಂಥ ಬಂಧುಗಳಿಗೆ ನಾವು ಕಲಿತ ಮೂರು ಮಾತು ಪ್ರಯೋಜನವಾದೀತು. ಮೊದಲು ಬದುಕಿರುವ ಹಿರಿಯರನ್ನು ಕೇಳಿ. ಪ್ಯಾರಿಷಿನ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಎರಡನ್ನೂ ಬರೆದುಕೊಳ್ಳಿ. ಈಚಿನ ದಾಖಲೆಯಿಂದ ತೊಡಗಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಸೂಚಿಯನ್ನು ನೆಚ್ಚದೆ ಪುಟವನ್ನೇ ಓದಿ, ಸುದ್ದಿ ತಿಳಿಸಿದವರು ಯಾರೆಂದು ಗಮನಿಸಿ. ಅಂಕಣ ಬರಿದಾಗಿದ್ದರೆ ಅರ್ಥ ಕಟ್ಟಲು ಅವಸರಪಡದೆ, ಜನನದಲ್ಲಿ ಕಾಣದ್ದನ್ನು ಮದುವೆ, ಮರಣಗಳ ದಫ್ತರಗಳಲ್ಲಿ ಹುಡುಕಿ.

ನಮ್ಮ ಪುಸ್ತಕ ಕಳೆದ ದೀಪಾವಳಿಗೆ ಅಚ್ಚಾಗಿ ಬಂತು. ಸೊಸೆಯ ಹೆಸರಿನ ಮುಂದೆ ತಾಯಿ, ಅಜ್ಜಿ, ಮುತ್ತಜ್ಜಿ, ಅವಳ ತಾಯಿ, ಆಕೆಯ ತಾಯಿ ಎಂದು ಐದು ಹೆಸರುಗಳಿವೆ. ತವರು ಎಂಬಲ್ಲಿ ‘ವೇರ್, ಜಮೈಕಾ’ ಎಂದಿದೆ. ದಾಯಾದಿ ಬಂಧು ಅದನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿಸಿದರು. ಸೋದರತ್ತೆಯವರು ಊರಿಗೆ ಹೊರಡುವ ಮುನ್ನ, ತಾವು ಮಗುವಾಗಿದ್ದಾಗ ತಲೆ ಬಾಚುತ್ತಿದ್ದ ತಮ್ಮ ಅಜ್ಜಿಯ ಹೆಸರನ್ನು, ಎಲ್ಲರೂ ‘ದೊಡ್ಡಬ್ಬೆ’ ಎಂದೇ ಕರೆಯುತ್ತಿದ್ದುದರಿಂದ ಮರೆತೇಹೋಗಿದ್ದ ನಿಜವಾದ ಹೆಸರನ್ನು, ನೆನಪಿಸಿಕೊಂಡು ಹೇಳಿದರು. ಅದೂ ಸೇರಿತು. ಎಂಟು ಖಾಲಿ ಜಾಗಗಳಲ್ಲಿ ಒಂದು ತುಂಬಿತು. ಉಳಿದ ಏಳನ್ನು ಮೊಮ್ಮಗಳು ನೋಡಿದಾಗ ನಾವು ಹೇಳಬೇಕಾದ ಉತ್ತರವನ್ನು ಇನ್ನೂ ಹುಡುಕುತ್ತಿದ್ದೇವೆ.